ಅಕ್ಕಿ ಡ್ರಮ್ಮಿನೊಳಗಿನ ರಿಪೋರ್ಟು

ಐದು ವರ್ಷದ ಹಿಂದೆ ಅರಕೆರೆಯ ಚಿಕ್ಕಬೋರಮ್ಮ ಸೊಸೆ ತನುಶ್ರೀಯ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಮಕ್ಕಳಾಗಲು ಮೈಸೂರಿನಲ್ಲಿ ಚಿಕಿತ್ಸೆ ಪಡೆಯುವ ಸಂಗತಿ ತನ್ನ ಬಾಯಿಂದ ಹೊರಬೀಳುವುದಿಲ್ಲ ಎಂದು. ಗೊತ್ತಾದರೆ ಹುಟ್ಟುವ ಕೂಸನ್ನು ಊರವರು ಆಡಿಕೊಳ್ಳುತ್ತಾರೆಂದು ಸೊಸೆಗೆ ಭಯ.

ಅತ್ತೆ ಗುಟ್ಟು ಕಾಪಾಡಿದಳು. ಮೈಸೂರಿಗೆ ಹೊರಟಾಗಲೆಲ್ಲ ಸೊಸೆಗೆ ಹಲ್ಲುನೋವು ಎನ್ನುತ್ತಿದ್ದಳು. ಅವಳಿಗೆ ಒಟ್ಟು ಎಷ್ಟು ಹಲ್ಲವ್ವಾ ಎಂದು ಬಸ್ಸಿನಲ್ಲಿ ಕೇಳಿದವರೂ ಉಂಟು.

ಕೊನೆಗೆ ಬಸಿರು ನಿಂತಿತು. ಸ್ಕ್ಯಾನಿಂಗಿನಲ್ಲಿ ಮೂರು ಕೂಸು ಕಂಡವು. ದೃಷ್ಟಿಯಾದೀತೆಂದು ಚಿಕ್ಕಬೋರಮ್ಮ ರಿಪೋರ್ಟನ್ನು ಅಕ್ಕಿ ಡ್ರಮ್ಮಿನಲ್ಲಿ ಹುದುಗಿಸಿಟ್ಟಳು. ಬಸಿರಿನ ತಪಾಸಣೆ ಬರೆದಿಡುವ ತಾಯಿ ಕಾರ್ಡಿಗೆ ಮೂರರ ಸುದ್ದಿ ಸೇರಲಿಲ್ಲ. ಬಸಿರಾಯಿತಲ್ಲ ಎಂದು ಮೈಸೂರಿಗೆ ಹೋಗುವುದನ್ನೂ ಬಿಟ್ಟರು.

ಏಳನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಚಲುವಮ್ಮ ಬಂದಾಗ ತನುಶ್ರೀ ತಲೆನೋವೆಂದು ಮಲಗಿದ್ದಳು. ಮುಖ, ಕಾಲು ಊದಿದ್ದವು. ಹೊಟ್ಟೆ ಇವತ್ತೋ ನಾಳೆಯೋ ಎನ್ನುವಂತಿತ್ತು.

"ನಮ್ ವಂಸ್ದಲ್ಲಿ ಒಟ್ಟೆ ದೊಡ್ದೇ ಕಣವ್ವ. ನಮ್ಮತ್ತೇದು ಗುಡಾಣ್ದಂಗಿತ್ತು," ಎಂದಳು ಚಿಕ್ಕಬೋರಮ್ಮ.

"ನಿಮ್ ವಂಸ ಸರಿ ಬೋರಕ್ಕ, ಇವ್ಳು ಪಾಂಡವಪುರದ ಎಣ್ಣಲ್ವಾ?"

ಚಲುವಮ್ಮ ದನಿ ತಗ್ಗಿಸಿದಳು. "ಏನ್ ಮುಚ್ಚಿಟ್ಟಿದ್ದೀರೋ ನಂಗೊತ್ತಿಲ್ಲ. ಇಂಗೆ ಊದ್ಕೊಂಡು ತಲೆ ನೋಯ್ತಾ ಐತೆ ಅಂದ್ರೆ ಬೀಪಿ ಏರಿರ್ಬೋದು. ಫಿಟ್ಸ್ ಬಂದ್ಬುಟ್ರೆ ತಾಯೂ ಉಳಿಯಾಕಿಲ್ಲ, ಕೂಸೂ ಉಳಿಯಾಕಿಲ್ಲ."

ಬೇಡ ಎಂದು ಸೊಸೆ ಮಲಗಿದಲ್ಲಿಂದಲೇ ತಲೆಯಾಡಿಸಿದಳು. ಚಿಕ್ಕಬೋರಮ್ಮ ಡ್ರಮ್ಮಿಗೆ ಕೈಹಾಕಿ, ರಿಪೋರ್ಟಿನ ಅಕ್ಕಿ ಕೊಡವಿ ಕೊಟ್ಟಳು.

"ಮೂರವೆ. ಟ್ರೀಟ್ಮೆಂಟಲ್ಲಿ ಆಗಿದ್ದು. ಬಯ್ಯೋದಾದ್ರೆ ನನ್ ಬಯ್ಯಿ, ಅವ್ಳನ್ನಲ್ಲ."

ಅರ್ಧ ಗಂಟೆಯಲ್ಲಿ 108 ಬಂತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಬೀಪಿಗೆ ಔಷಧಿ, ಮಕ್ಕಳ ಶ್ವಾಸಕೋಶ ಬಲಿಯಲು ಇಂಜೆಕ್ಷನ್ನು ಕೊಟ್ಟು, ಮೂರು ವಾರ ಅಲ್ಲೇ ಇಟ್ಟುಕೊಂಡರು. ಮೊದಲೆರಡು ದಿನ ಸೊಸೆ ಅತ್ತೆಯ ಮುಖ ನೋಡಲಿಲ್ಲ. ಮೂರನೇ ದಿನ ಪಕ್ಕದ ಹಾಸಿಗೆ ತೋರಿಸಿ, "ಅತ್ತೆಮ್ಮ, ಅವ್ರೂ ನಮ್ಮಂಗೇ ಟ್ರೀಟ್ಮೆಂಟ್ ಮಾಡ್ಸಿದೋರಂತೆ," ಎಂದಳು. ಮಕ್ಕಳು ಆಪರೇಷನ್ನಿನಲ್ಲಿ ಹುಟ್ಟಿ, ತಿಂಗಳಿಗೂ ಮಿಕ್ಕಿ ನವಜಾತ ಶಿಶು ಘಟಕದಲ್ಲಿದ್ದವು.

ತಾಯಂದಿರೇ, ಅತ್ತೆಯರೇ, ಚಿಕಿತ್ಸೆಗೆ ನಾಚಬೇಡಿ. ಗರ್ಭದಲ್ಲಿ ಎಷ್ಟು ಭ್ರೂಣ ಇಡುತ್ತೀರಿ, ಯಾಕೆ ಎಂದು ಡಾಕ್ಟರನ್ನು ಮೊದಲೇ ಕೇಳಿ. ಎರಡು ಮೂರು ಕೂಸೆಂದು ತಿಳಿದ ದಿನವೇ ಆಶಾಗೆ ಹೇಳಿ. ತಪಾಸಣೆ ಒಂದೂ ತಪ್ಪಿಸಬೇಡಿ. ಶಿಶು ಘಟಕವಿರುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿ. ವಿಪರೀತ ತಲೆನೋವು, ಕಣ್ಣು ಮಂಜು, ಮುಖದ ಊತ, ಹೊಟ್ಟೆನೋವು, ರಕ್ತ ಅಥವಾ ನೀರು ಹೋಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಚಿಕ್ಕಬೋರಮ್ಮ ಸೊಸೆಗೆ ಕೊಟ್ಟ ಮಾತು ಮುರಿದಳು. ತಾಯಿಯೂ ಮೂರು ಕೂಸೂ ಈಗ ಅರಕೆರೆಯಲ್ಲಿ ಕ್ಷೇಮ.