ಕೆರೆಯಿಂದ ತಂದ ಕಲ್ಲು

ಬರಗಾಲದ ವರ್ಷ ರಾಂಚೊ ಬರ್ನಾರ್ಡೊ ಊರಿನ ಬಳಿಯ ಕೆರೆ ಬತ್ತಿದಾಗ, ವಾಕಿಂಗ್ ಹೋಗಿದ್ದ ರತ್ನಾವತಿಗೆ ಕೆಸರಿನಲ್ಲಿ ನಡು ಸವೆದು ಗುಳಿಬಿದ್ದ ಒಂದು ಕಲ್ಲು ಸಿಕ್ಕಿತು. ಚೆನ್ನಾಗಿದೆಯೆಂದು ಮನೆಗೆ ತಂದು, ಹಕ್ಕಿಗಳಿಗೆಂದು ಅದರಲ್ಲಿ ನೀರಿಟ್ಟಳು.

ಮರುವರ್ಷ ಲೈಬ್ರರಿಯಲ್ಲಿ ನಡೆದ ಉಪನ್ಯಾಸದಲ್ಲಿ, ಇಲ್ಲಿನ ಮೂಲನಿವಾಸಿಗಳಾದ ಕುಮೆಯಾಯ್ ಜನಾಂಗದ ಅಜ್ಜಿಯೊಬ್ಬರು ಅಂಥದೇ ಕಲ್ಲಿನ ಫೋಟೊ ತೋರಿಸಿದರು. “ನಮ್ಮ ಹಿರಿಯರು ಇದರಲ್ಲಿ ಓಕ್ ಮರದ ಕಾಯಿ ಅರೆಯುತ್ತಿದ್ದರು. ಕಂಡರೆ ದಯವಿಟ್ಟು ಎತ್ತಿಕೊಂಡು ಹೋಗಬೇಡಿ, ಇದ್ದಲ್ಲೇ ಬಿಡಿ.”

ರತ್ನಾವತಿಗೆ ಮುಖವೆಲ್ಲ ಬಿಸಿಯಾಯಿತು. ಮರುದಿನ ಕಲ್ಲನ್ನು ಕಾರಿನಲ್ಲಿಟ್ಟುಕೊಂಡು ಅಜ್ಜಿಯನ್ನು ಕೆರೆಗೆ ಕರೆದೊಯ್ದಳು.

“ತಪ್ಪಾಯ್ತು. ನಾನೇ ತಗೊಂಡು ಹೋಗಿದ್ದೆ.”

“ಎಲ್ಲಿತ್ತು?” ಅಜ್ಜಿ ಕೇಳಿದರು.

ಚಳಿಗಾಲದ ಮಳೆಗೆ ಕೆರೆ ತುಂಬಿ ಆ ಜಾಗ ಮುಳುಗಿತ್ತು. ರತ್ನಾವತಿ ನೀರಿನತ್ತ ಕೈ ತೋರಿಸಿದಳು.

ಅಜ್ಜಿ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ದಂಡೆಯ ಮೇಲೆ ಕೂತರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ರತ್ನಾವತಿಗೆ.