ಬದನೆ ಸಸಿಗಳ ಕೋಣೆ

ಬಾಗಿಲು ತೆರೆದ ಕೂಡಲೇ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಪುಣೆಯ ಆ ಹೌಸಿಂಗ್ ಸೊಸೈಟಿಯ ಅಧ್ಯಕ್ಷರು, ಇಬ್ಬರು ಸದಸ್ಯರು, ವಾಚ್‌ಮನ್ ಒಬ್ಬರ ಹಿಂದೊಬ್ಬರು ಒಳಗೆ ಹೋದರು. ನಿಜಲಿಂಗಪ್ಪ ಕೊನೆಗೆ ಹೊಸ್ತಿಲು ದಾಟಿದರು. ಬಾಡಿಗೆಗಿದ್ದ ತನುಶ್ರೀ ನಿಮ್ಮ ಕರ್ನಾಟಕದವಳೇ, ನೀವು ಜೊತೆಗಿದ್ದರೆ ಒಳ್ಳೆಯದು ಎಂದು ಅಧ್ಯಕ್ಷರೇ ಅವರನ್ನು ಕರೆತಂದಿದ್ದರು.

ಕೋಣೆಯ ತುಂಬ ಗುಲಾಬಿ ಬೆಳಕು. ಗೋಡೆಗೊರಗಿದ ಕಬ್ಬಿಣದ ರ‍್ಯಾಕಿನ ಮೂರು ಅಂತಸ್ತಿನಲ್ಲೂ ಪ್ಲಾಸ್ಟಿಕ್ ಟ್ರೇಗಳು. ಪ್ರತಿ ಟ್ರೇಯ ಮೇಲೆ ಒಂದು ಗೇಣು ಎತ್ತರದಲ್ಲಿ ಉದ್ದನೆಯ ದೀಪ, ಕೆಳಗೆ ಕರೆಂಟಿನಿಂದ ಬಿಸಿಯಾಗುವ ಮ್ಯಾಟು. ಟ್ರೇಗಳಲ್ಲಿ ಎರಡೆರಡು ಎಲೆ ಬಿಟ್ಟ ಎಳೆಯ ಸಸಿಗಳು. ಪುಟ್ಟ ಫ್ಯಾನೊಂದು ಅವನ್ನು ಮೆಲ್ಲಗೆ ಅಲುಗಿಸುತ್ತಿತ್ತು. ಪಕ್ಕದ ಹಗ್ಗದ ಮೇಲೆ ಹುಡುಗಿಯ ಒಳಬಟ್ಟೆಗಳು ಒಣಗುತ್ತಿದ್ದವು. ಅವಳು ಓಡಿಹೋಗಿ ಎಲ್ಲವನ್ನೂ ಬಾಚಿ ಎದೆಗವಚಿಕೊಂಡಳು. ಆಮೇಲೆ ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತಳು.

ಗಾಂಜಾ ಎಲ್ಲಿ ಎಂದು ಒಬ್ಬ ಸದಸ್ಯ ಹಿಂದಿಯಲ್ಲಿ ಕೇಳಿದ. ಅವಳಿಗೆ ಹಿಂದಿ ಬರುತ್ತಿತ್ತು, ಆದರೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡ. ನಿಜಲಿಂಗಪ್ಪನವರ ಕಡೆ ತಿರುಗಿದಳು.

"ಅಂಕಲ್, ಇದು ಬದನೆ ಸಸಿ. ಊರಿಂದ ಅಮ್ಮ ಬೀಜ ಕಳಿಸಿದ್ದು. ಈ ಚಳಿಗೆ ಮೊಳಕೆ ಬರುದಿಲ್ಲ, ಅದಕ್ಕೆ ಬೆಳಕು, ಬಿಸಿ ಕೊಡ್ತಾ ಇದ್ದೇನೆ. ಟೆರೇಸಲ್ಲಿ ತರಕಾರಿ ಮಾಡುವವರಿಗೆ ಕೊಡ್ಲಿಕ್ಕೆ."

ನಿಜಲಿಂಗಪ್ಪ ಅದನ್ನು ಮರಾಠಿಯಲ್ಲಿ ಹೇಳಿದರು. ವಾಚ್‌ಮನ್ ನಕ್ಕ. ಸದಸ್ಯರು ವೈರುಗಳನ್ನು ಎಳೆದು ನೋಡಿದರು. ಅಧ್ಯಕ್ಷರು ಒಂದು ಸಸಿ ಕಿತ್ತು ಮೂಸಿ, ಸಾರಿ ಎಂದು ಹೊರಟರು. ಹಿಂದೆ ಉಳಿದ ನಿಜಲಿಂಗಪ್ಪನವರಿಗೆ ಹುಡುಗಿ, ನೀವಿದ್ದದ್ದು ಒಳ್ಳೆಯದಾಯಿತು ಎಂದಳು.

ಈ ತಪಾಸಣೆಗೆ ಕಾರಣವಾದ ದೂರು ಬರೆದವರು ನಿಜಲಿಂಗಪ್ಪನವರೇ. ನೀರಾವರಿ ಇಲಾಖೆಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದ ಮೇಲೆ ಪುಣೆಯ ವಾಕಡದ ತಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲೇ ಅವರ ಹೊತ್ತು ಕಳೆಯುತ್ತಿತ್ತು. ಎದುರಿನ ಕಿಟಕಿಯಲ್ಲಿ ಪ್ರತಿ ಸಂಜೆ ಆ ಬಣ್ಣ ಕಂಡು, ಎಲ್ಲೋ ಇಂಥದೇ ದೀಪದಡಿ ಗಾಂಜಾ ಬೆಳೆದವರ ಸುದ್ದಿ ನೆನಪಾಗಿತ್ತು. ಹೋಗಿ ಆಕೆಯನ್ನೇ ಕೇಳಿ ಎಂದು ಹೆಂಡತಿ ನಾಗವ್ವ ಹೇಳಿದ್ದರು. ಇವರು ಕೇಳಲಿಲ್ಲ. ಚೆಂದದ ಮರಾಠಿಯಲ್ಲಿ ಒಂದು ಪುಟ ಬರೆದು, ಸಹಿ ಹಾಕದೆ ಸೊಸೈಟಿಯ ದೂರಿನ ಪೆಟ್ಟಿಗೆಗೆ ಹಾಕಿದ್ದರು.

ತಪಾಸಣೆಯಾದ ನಾಲ್ಕನೆಯ ದಿನ ಸಂಜೆ ತನುಶ್ರೀ ಅವರ ಮನೆಗೇ ಬಂದಳು. ಅವತ್ತು ವೈರು ಎಳೆದು ನೋಡುವಾಗ ಯಾರೋ ಒಂದು ಮ್ಯಾಟಿನ ಪ್ಲಗ್ ಕಿತ್ತದ್ದನ್ನು ಅವಳು ಗಮನಿಸಿರಲಿಲ್ಲ. ಥಂಡಿ ಹಿಡಿದು ಆ ಟ್ರೇಯ ಸಸಿಗಳೆಲ್ಲ ಬುಡ ಕೊಳೆತು ಮಲಗಿದ್ದವು. ಅದು ಹೋಗಲಿ, ಫ್ಲ್ಯಾಟಿನ ಮಾಲೀಕ ಸ್ವಪ್ನಿಲ್ ತಿಂಗಳ ಕೊನೆಗೆ ಮನೆ ಬಿಡಲು ಹೇಳಿದ್ದ. ಬದನೆ ಎಂದು ಗೊತ್ತಾದ ಮೇಲೂ ಯಾಕೆ ಎಂದು ಕೇಳಿದ್ದಕ್ಕೆ ಸೊಸೈಟಿಯಿಂದ ಬಂದ ದೂರಿನ ಫೋಟೋ ಕಳಿಸಿದ್ದ. ಕೈಬರಹದ ಮರಾಠಿ ಅವಳಿಗೆ ತಿಳಿಯಲಿಲ್ಲ. ಓದಿ ಹೇಳುತ್ತೀರಾ, ಆಮೇಲೆ ಮಾಲೀಕರಿಗೆ ಒಂದು ಮಾತು ಹೇಳುತ್ತೀರಾ ಎಂದು ಕೇಳಲು ಬಂದಿದ್ದಳು.

ನಾಗವ್ವ ಚಹಾ ತಂದಿಟ್ಟು ಗಂಡನ ಪಕ್ಕದಲ್ಲಿ ಕುಳಿತರು. ನಿಜಲಿಂಗಪ್ಪ ಕನ್ನಡಕ ಹಾಕಿಕೊಂಡು ತಮ್ಮದೇ ಅಕ್ಷರಗಳನ್ನು ಕನ್ನಡದಲ್ಲಿ ಹೇಳತೊಡಗಿದರು. ಬೆಳಕಿನ ವಿಷಯ, ಸದಾ ಮುಚ್ಚಿರುವ ಬಾಗಿಲಿನ ವಿಷಯ, ತಪಾಸಣೆ ಮಾಡಬೇಕೆಂಬ ವಿನಂತಿ. ಅಷ್ಟೇ ಎಂದು ಮೊಬೈಲನ್ನು ಹಿಂದಕ್ಕೆ ಚಾಚಿದರು.

"ನಡುವಿನ ಸಾಲು ಬಿಟ್ರಿ," ಎಂದರು ನಾಗವ್ವ. "ಪೂರಾ ಓದ್ರಿ."

ಮೂವತ್ತು ವರ್ಷ ಪುಣೆಯಲ್ಲಿದ್ದ ನಾಗವ್ವನಿಗೆ ಮರಾಠಿ ಓದಲು ಬರುತ್ತಿತ್ತು. ಗಂಡನ ಅಕ್ಷರದ ಗುರುತು ಅದಕ್ಕಿಂತ ಹಳೆಯದು.

ಆ ಸಾಲನ್ನು ದೂರಿಗೆ ತೂಕ ಬರಲೆಂದು ಸೇರಿಸಿದ್ದರು. ಈಗ ಓದಿದರು. "ಹುಡುಗಿ ಒಬ್ಬಾಕಿನ ಇರ್ತಾಳ. ಹೊತ್ತಲ್ಲದ ಹೊತ್ತಿನ್ಯಾಗ ಗಂಡಸರು ಬಂದು ಹೋಗ್ತಾರ. ಆಕಿ ನಡತಿ ಸರಿ ಇಲ್ಲ." ಮೊಬೈಲಿನಿಂದ ಕಣ್ಣೆತ್ತದೆ ಹೇಳಿದರು: "ಇದನ್ನ ಬರದಾಂವ ನಾನವ್ವಾ."

ತನುಶ್ರೀ ಅವರ ಕಡೆ ತಿರುಗಿದಳು. "ಯಾರು ಬರ್ತಿದ್ರು ಅಂಕಲ್? ನೀವು ನೋಡಿದ್ದೀರಾ?"

"ಇಲ್ಲ. ಯಾರನ್ನೂ ನೋಡಿಲ್ಲ."

ಅವಳು ಮೊಬೈಲು ತೆಗೆದುಕೊಂಡು ಎದ್ದಳು. ಚಹಾ ಮುಟ್ಟಿರಲಿಲ್ಲ. ನಾಗವ್ವ ಲಿಫ್ಟಿನವರೆಗೆ ಹೋಗಿ ಬಂದರು. ಕಪ್ಪು ಎತ್ತಿಕೊಂಡು ಒಳಗೆ ನಡೆದರು.

ಮರುದಿನ ಅವರು ಇನ್ನೊಂದು ಪುಟ ಬರೆದರು. ದೂರು ನನ್ನದು, ಹುಡುಗಿಯ ಬಗ್ಗೆ ಬರೆದದ್ದು ಸುಳ್ಳು. ಕೆಳಗೆ ಪೂರ್ತಿ ಹೆಸರು, ಫ್ಲ್ಯಾಟ್ ನಂಬರು, ಸಹಿ. ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿ, ಒಂದು ಪ್ರತಿ ಹಿಡಿದು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿದ್ದ ಸ್ವಪ್ನಿಲ್‌ನ ಅಂಗಡಿಗೆ ಹೋದರು. ಅವನು ಕೂರಿಸಿ ನೀರು ಕೊಟ್ಟ. ಹೋಗಲಿ ಬಿಡಿ ಕಾಕಾ, ಮನೆ ಆಗಲೇ ಬೇರೆಯವರಿಗೆ ಮಾತಾಗಿದೆ ಎಂದ. ಸೊಸೈಟಿಯಲ್ಲಿ ಆ ಕಾಗದವನ್ನು ಎಲ್ಲರೂ ಓದಿದರು. ಬೆಳಗಿನ ವಾಕಿಂಗಿಗೆ ಜೊತೆಯಾಗುತ್ತಿದ್ದವರು ಅವರನ್ನು ಕಂಡು ಹೆಜ್ಜೆ ಬಿರುಸು ಮಾಡತೊಡಗಿದರು.

ತಿಂಗಳ ಕೊನೆಯ ಬೆಳಿಗ್ಗೆ ಗೇಟಿನ ಬಳಿ ಟೆಂಪೋ ನಿಂತಿತ್ತು. ತನುಶ್ರೀಗೆ ಊರಿನ ಇನ್ನೊಂದು ತುದಿಯ ಕಾತ್ರಜದಲ್ಲಿ ಕೋಣೆ ಸಿಕ್ಕಿತ್ತು. ನಿಜಲಿಂಗಪ್ಪ ಇಳಿದುಬಂದು, ಟ್ರೇ ಎತ್ತಿಕೊಡಲೇ ಎಂದು ಕೇಳಿದರು. ಬೇಡ ಎಂದಳು. ಟ್ರೇಗಳನ್ನು ತರಕಾರಿಯ ಆಳದ ಕ್ರೇಟುಗಳಲ್ಲಿಟ್ಟು, ಒಂದೊಂದಾಗಿ ತಾನೇ ಹೊತ್ತು ತಂದು ಜೋಡಿಸಿದಳು. ಟೆಂಪೋದ ಹಿಂಬದಿ ತೆರೆದಿತ್ತು. ಬೆಡ್‌ಶೀಟು ಹೊದಿಸಿದ ಮೇಲೂ ಎರಡು ಕ್ರೇಟು ಬಯಲಿಗೇ ಉಳಿದವು.

ನಿಜಲಿಂಗಪ್ಪ ಹೊದ್ದಿದ್ದ ಉಣ್ಣೆಯ ಶಾಲನ್ನು ತೆಗೆದು ಚಾಚಿದರು. ಅವಳು ಶಾಲು ನೋಡಿದಳು, ಸಸಿಗಳನ್ನು ನೋಡಿದಳು. ಅವರ ಮುಖ ನೋಡದೆ ತೆಗೆದುಕೊಂಡಳು. ಎರಡೂ ಕ್ರೇಟುಗಳ ಮೇಲೆ ಹರಡಿ, ಅಂಚುಗಳನ್ನು ಸುತ್ತಲೂ ಸಿಕ್ಕಿಸಿ, ಪಕ್ಕದಲ್ಲಿ ಕುಳಿತು, ಗಾಳಿಗೆ ಹಾರದಂತೆ ಅದರ ಮೇಲೆ ಕೈಯಿಟ್ಟುಕೊಂಡಳು. ಟೆಂಪೋ ಹೊರಟಿತು.