ಹುಳಿಯಾಗದ ನೀರು

ಅಕ್ಕ ತಂದುಕೊಟ್ಟ ಬಾಟಲಿಯ ನೀರಿಗೆ ತಂಗಿ ಹುಳಿ ತಿಳಿಸುವ ಕಾಗದದ ಪಟ್ಟಿ ಅದ್ದಿದಳು. ಬಣ್ಣ ತಿರುಗಲಿಲ್ಲ. ಇನ್ನೊಂದನ್ನು ಅದ್ದಿದಳು. ಅದೂ ಹಾಗೇ.

ಅದು ಚರ್ಮ ಹದಮಾಡುವ ಕಾರ್ಖಾನೆ. ಅಲ್ಲಿಂದ ಹೊರಬರುವ ನೀರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅದರೊಳಗಿನ ಗಂಧಕವನ್ನು ತಿಂದು ತೇಗುವುದು ದೊಡ್ಡ ತೊಟ್ಟಿಯ ಬ್ಯಾಕ್ಟೀರಿಯಾಗಳ ಕೆಲಸ. ತೊಟ್ಟಿ ಅಕ್ಕನ ಸುಪರ್ದಿಯಲ್ಲಿದೆ. ನೀರು ಪರೀಕ್ಷಿಸಿ, ಹಳ್ಳಕ್ಕೆ ಬಿಡಬಹುದು ಎಂದು ಸಹಿ ಹಾಕುವವಳು ತಂಗಿ. ಅವಳನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವಳೂ ಅಕ್ಕನೇ. "ಹೊಟ್ಟೆಬಾಕರು ಕಣೇ ಇವು," ಎಂದು ಮೊದಲ ದಿನ ನಕ್ಕಿದ್ದಳು. "ಗಂಧಕ ತಿಂದು ಹುಳಿ ಕಕ್ಕುತ್ವೆ. ನೀರು ಹುಳಿಯಾದ್ರೆ ಊಟ ಆಯ್ತು ಅಂತ ತಿಳ್ಕೋ."

ಹುಳಿ ನೋಡುವುದನ್ನು ತಂಗಿ ಅಕ್ಕನಿಗೇ ಬಿಟ್ಟಿದ್ದಳು. ವಾರದಿಂದ ಗಂಧಕ ಎಷ್ಟೋ ಇಳಿದಿದೆಯೆಂದು ಹಿಗ್ಗಿ, ದಿನವೂ ಸಹಿ ಹಾಕಿದ್ದಳು. ಇವತ್ತು ಯಾಕೋ ಮನಸ್ಸು ತಡೆಯದೆ ತಾನೇ ನೋಡಿದ್ದಳು. ಗಂಧಕ ಇಳಿದಿದೆ, ಹುಳಿ ಮಾತ್ರ ಇಲ್ಲ. ಹಾಗಾದರೆ ತಿಂದವರ್ಯಾರು?

ತೊಟ್ಟಿಯ ಬಳಿಗೆ ಓಡಿದಳು. ಗಾಳಿ ಊದುವ ಯಂತ್ರ ಸದ್ದಿಲ್ಲದೆ ನಿಂತಿತ್ತು, ನೀರು ಮಸಿಯಂತೆ ಕಪ್ಪಗಿತ್ತು. ಅಕ್ಕ ನಲ್ಲಿಯ ಪೈಪಿನಿಂದ ಬಕೆಟ್ಟಿಗೆ ನೀರು ಬಿಡುತ್ತಿದ್ದಳು.

"ಯಂತ್ರ ಯಾವಾಗ ನಿಂತಿತು, ಅಕ್ಕಾ?"

"ಬೆಳಗ್ಗೆ."

"ಬೆಳಗ್ಗೆ ನಿಂತ್ರೆ ಇಷ್ಟು ಕಪ್ಪಾಗುತ್ತಾ?"

"ಓಹೋ, ಕಾಲೇಜು ಮಾತಾಡ್ತಿದೆ!"

"ಈ ನಲ್ಲಿ ನೀರನ್ನೇ ಬಾಟಲಿಗೆ ಬೆರೆಸಿ ನನಗೆ ಕೊಟ್ಟೆಯಾ?"

ಅಕ್ಕ ನಲ್ಲಿ ನಿಲ್ಲಿಸಿದಳು. "ಹೋದ ವಾರ ತೊಳೆಯೋಕೆ ಅಂತ ಯಂತ್ರ ಆರಿಸಿದ್ದೆ. ಮತ್ತೆ ಹಾಕೋದು ಮರೆತೇಹೋಯ್ತು. ಎರಡು ದಿನ ಬಿಟ್ಟು ಹಾಕಿದ್ರೆ ಯಂತ್ರವೂ ಏಳಲಿಲ್ಲ. ಗಾಳಿಯಿಲ್ಲದೆ ಹೊಟ್ಟೆಬಾಕರೆಲ್ಲಾ ಉಸಿರುಕಟ್ಟಿ ಸತ್ತುಹೋದ್ವು. ಮ್ಯಾನೇಜರಿಗೆ ಗೊತ್ತಾದ್ರೆ ನನ್ನ ಗತಿ?"

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಸಹಿ ಹಾಕ್ತಿದ್ದೆಯಾ?"

ಬೈದಿದ್ದರೂ ತಂಗಿಗೆ ಇಷ್ಟು ನೋಯುತ್ತಿರಲಿಲ್ಲ. ವಾರವಿಡೀ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದ್ದರು.

"ಯಾರಾದ್ರೂ ಕೇಳಿದ್ರೆ, ಅಕ್ಕಾ?"

"ಸಹಿ ಹಾಕಿದ ಕಾಗದದ ಮೇಲೆ ನನ್ನ ಹೆಸರೆಲ್ಲಿದೆ?"

ತಂಗಿ ಹಳ್ಳಕ್ಕೆ ಹೋಗುವ ಕೊಳವೆ ಮುಚ್ಚಲು ಅದರ ಚಕ್ರ ಹಿಡಿದು ತಿರುಗಿಸತೊಡಗಿದಳು. ತುಕ್ಕು ಹಿಡಿದು ಬಿಗಿದಿತ್ತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು. ಕೈ ಹಾಕುತ್ತಾಳೆ ಎಂದು ತಂಗಿ ಒಂದಿಷ್ಟು ಸರಿದು ಜಾಗ ಬಿಟ್ಟಳು.

ಅಕ್ಕ ಅವಳನ್ನು ದಾಟಿಕೊಂಡು ಮ್ಯಾನೇಜರನ ಕೋಣೆಯ ಕಡೆ ನಡೆದಳು, ಬಿರಬಿರನೆ, ಸಹಿ ಯಾರದೆಂದು ಮೊದಲು ಹೇಳುವವಳು ತಾನೇ ಆಗಬೇಕೆಂಬಂತೆ.